ನಮ್ಮ ಮನೆಯಲ್ಲಿ ಸರ್ಕಾರ ರಚನೆಯಾದದ್ದು

ಸಿಂಗಾಪುರದ ಪಾಸಿರ್ ರಿಸ್‌ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಅಡುಗೆಮನೆ ಸೊಸೆ ರಜನಿಯ ಕೈಗೆ ಹೋದಂದಿನಿಂದ ಬೆಳಗಿನ ತಿಂಡಿ ಓಟ್ಸ್ ಗಂಜಿ. (ನೋಡಲು ಗೋಡೆಗೆ ಪೋಸ್ಟರ್ ಹಚ್ಚುವ ಮೈದಾ ಅಂಟು. ರುಚಿಯೂ ಹೆಚ್ಚುಕಮ್ಮಿ ಅದೇ.) ಅಕ್ಕಿರೊಟ್ಟಿಯ ಮುಖ ಕಾಣದೆ ನಾನು ಸೊರಗುತ್ತಿದ್ದಾಗ ಮೊಮ್ಮಗಳು ಪ್ರಣತಿಗೆ ಪರೀಕ್ಷೆ ಬಂತು. ರಾಜ ರಾಣಿಯರಿರುವ ದೇಶಗಳಲ್ಲಿ ಸರ್ಕಾರ ಹೇಗೆ ರಚನೆಯಾಗುತ್ತದೆ ಎಂಬ ಪಾಠ.

“ಅಜ್ಜಿ, ಮನೇಲೇ ಪ್ರಾಕ್ಟೀಸ್ ಮಾಡೋಣ. ನೀವೇ ಕ್ವೀನ್!”

ಬೇಡವೆನ್ನಲು ನಾನೇನು ದಡ್ಡಿಯೆ? ಮೈಸೂರಿನಲ್ಲಿ ಮಹಾರಾಜರ ಸವಾರಿಯನ್ನು ಅಪ್ಪನ ಹೆಗಲೇರಿ ನೋಡಿದವಳು ನಾನು. ಅಂಬಾರಿಯಲ್ಲಿ ಕೂತವರಿಗೆ ಓಟ್ಸ್ ತಿನ್ನಿ ಎನ್ನುವ ಧೈರ್ಯ ಯಾರಿಗಿತ್ತು? ರೇಷ್ಮೆ ಸೀರೆಯುಟ್ಟು ಸೋಫಾದ ನಟ್ಟನಡುವೆ ವಿರಾಜಮಾನಳಾದೆ.

“ನಾಳೆಯಿಂದ ಅಕ್ಕಿರೊಟ್ಟಿ. ರಾಜಾಜ್ಞೆ!”

“ಹಾಗೆಲ್ಲ ಆಗಲ್ಲ ಅಜ್ಜಿ. ಮೆಜಾರಿಟಿ ಯಾರಿಗಿದೆಯೋ ಅವರನ್ನ ನೀವು ಕರೀಬೇಕು. ತಿಂಡಿ ಡಿಸೈಡ್ ಮಾಡೋದು ಅವರು.”

ಅಷ್ಟೇ ತಾನೆ? ಮಗ ಗಿರಿಧರ, ಮೊಮ್ಮಗ ನವನೀತ ರೊಟ್ಟಿ ಪಕ್ಷ. ರಜನಿ, ಪ್ರಣತಿ ಓಟ್ಸ್ ಪಕ್ಷ. ಸಮಸಮ. ನಾನು ಗಾಂಭೀರ್ಯದಿಂದ ಬಳೆ ಸರಿಸಿಕೊಂಡು ಕೈ ಎತ್ತಿದೆ.

“ಕ್ವೀನ್‌ಗೆ ವೋಟ್ ಇಲ್ಲ ಲಾ!” ಎಂದಳು ಪ್ರಣತಿ, ಮಾತಿನ ಕೊನೆಗೆ ಇಲ್ಲಿಯವರ ಹಾಗೆ ‘ಲಾ’ ಅಂಟಿಸಿ.

“ಅಯ್ಯೋ ಮನೆಹಾಳಿ, ಮೊದಲೇ ಹೇಳಬಾರದಿತ್ತೇನೆ? ಈ ಪಟ್ಟ ನಿಮ್ಮಮ್ಮನಿಗೇ ಕಟ್ಟು. ನನಗೆ ವೋಟು ಕೊಡು.”

“ಪಟ್ಟ ನಿಮಗೇ ಒಪ್ಪತ್ತೆ ಅತ್ತೆ,” ಎಂದಳು ರಜನಿ, ಅತಿವಿನಯದಿಂದ. ಆಮೇಲೆ ನವನೀತನ ಕಡೆ ತಿರುಗಿ, “ಪುಟ್ಟಾ, ಶನಿವಾರ ಬೀಚ್ ಪಾರ್ಕ್‌ನಲ್ಲಿ ಸೈಕಲ್ ಹೊಡೆಯೋಣ್ವಾ?”

ನವನೀತ ಸೋಫಾದ ಈ ತುದಿಯಿಂದ ಆ ತುದಿಗೆ ಜಾರಿದ. (ಕಾಲ ಕೆಳಗಿನ ನೆಲ ಸಿಂಗಾಪುರದ್ದಾದರೇನು, ಪಕ್ಷಾಂತರ ರಕ್ತದಲ್ಲಿದೆ.)

“ಲೋ ಗಿರೀ, ಏನಾದ್ರೂ ಮಾಡೋ!”

“ನಾನು ವಿರೋಧಪಕ್ಷ ಅಮ್ಮಾ. ಮದುವೆ ಆದಾಗಿಂದ ಅದೇ. ಕೂಗಬಹುದು, ಅಷ್ಟೇ.”

ಅವನು ಕೂಗಲೂ ಇಲ್ಲ.

ವಿಧಿಯಿಲ್ಲದೆ ರಜನಿಯನ್ನು ಕರೆದು, “ಸರ್ಕಾರ ರಚಿಸಮ್ಮ ತಾಯಿ,” ಎಂದೆ. ಅಷ್ಟಕ್ಕೇ ಬಿಟ್ಟರೆ? ಹೊಸ ಸರ್ಕಾರದ ಭಾಷಣವನ್ನು ರಾಣಿಯೇ ಓದಬೇಕಂತೆ. ಬರೆಯುವುದು ಮಾತ್ರ ಸರ್ಕಾರವಂತೆ! ನಾಲ್ಕನೇ ಕ್ಲಾಸಿನ ನನ್ನ ಓದು ಆ ಹೊತ್ತಿಗೆ ಕೈಕೊಡಬಾರದಿತ್ತೆ? ಕೊಡಲಿಲ್ಲ. ಎದ್ದು ನಿಂತು, ಕನ್ನಡಕ ಏರಿಸಿ, ಸ್ಪಷ್ಟವಾಗಿ ಓದಿದೆ:

“ನನ್ನ ಸರ್ಕಾರವು ಓಟ್ಸ್ ಯೋಜನೆಯನ್ನು ಮುಂದುವರಿಸಲಿದೆ. ರಾತ್ರಿಯ ಊಟಕ್ಕೂ ವಿಸ್ತರಿಸಲಿದೆ. ಇದನ್ನು ಪ್ರಕಟಿಸಲು ನನಗೆ ಅಪಾರ ಸಂತೋಷವಾಗುತ್ತಿದೆ.”

ಎಲ್ಲರೂ ಚಪ್ಪಾಳೆ ತಟ್ಟಿದರು. ವಿರೋಧಪಕ್ಷವೂ ತಟ್ಟಿತು. ಮಾರನೆಯ ಬೆಳಗ್ಗೆ ಮೊದಲ ಬಟ್ಟಲು, ಸಕಲ ರಾಜಮರ್ಯಾದೆಯೊಡನೆ, ನನ್ನ ಮುಂದೆಯೇ ಬಂದು ಕೂತಿತು.