ಖಾಲಿ ಇದ್ದರೆ ೧೯೦೦

ಕಲ್ಮೇಶ ಬರೆದ ಪ್ರೋಗ್ರಾಮಿನಲ್ಲಿ ಒಂದೇ ಒಂದು ಸಾಲು ಅವಸರದ್ದಾಗಿತ್ತು. ಪಟ್ಟಿಯಿಂದ ಹುಟ್ಟಿದ ವರ್ಷ ಓದಿಕೋ, ಆ ಜಾಗ ಖಾಲಿ ಇದ್ದರೆ ೧೯೦೦ ಅಂತ ಹಿಡಿದು ಮುಂದೆ ಹೋಗು. ಇಷ್ಟೇ ಆ ಸಾಲಿನ ಅರ್ಥ.

ಮುದ್ದೇಬಿಹಾಳದ ಅವನ ಕಾಲನಿಯ ಸಂಘದವರು ಈ ಸಲದ ವಾರ್ಷಿಕೋತ್ಸವದಲ್ಲಿ ಎಲ್ಲರಿಗಿಂತ ಹಿರಿಯರೊಬ್ಬರಿಗೆ ಶಾಲು ಹೊದಿಸುವುದೆಂದು ಗೊತ್ತುಮಾಡಿದ್ದರು. ಮನೆಮನೆಗೆ ಫಾರ್ಮ್ ಹಂಚಿ, ಬಂದ ನಾನೂರು ಹೆಸರುಗಳಲ್ಲಿ ಹಿರಿಯರನ್ನು ಹುಡುಕುವ ಕೆಲಸ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಕಲ್ಮೇಶನ ಪಾಲಿಗೆ ಬಂತು. ಮೊದಲ ಸಲ ಓಡಿಸಿದಾಗ ಪ್ರೋಗ್ರಾಮು ಯಾರೋ ವರ್ಷ ಬರೆಯದೆ ಬಿಟ್ಟ ಹೆಸರಿನ ಹತ್ತಿರ ಮೊಂಡ ಎತ್ತಿನಂತೆ ನಿಂತುಬಿಟ್ಟಿತು. ಪರೀಕ್ಷೆಯ ಡ್ಯೂಟಿಗೆ ಹೊತ್ತಾಗಿತ್ತು. ಕಲ್ಮೇಶ ಆ ೧೯೦೦ ತುರುಕಿದ. ಎತ್ತು ಓಡಿತು. ಹಿರಿಯರ ಹೆಸರು ತಾನಾಗಿಯೇ ಅಧ್ಯಕ್ಷರ ಮೊಬೈಲಿಗೂ, ಐದು ವರ್ಷದೊಳಗಿನ ಮಕ್ಕಳ ಪಟ್ಟಿ ಪೋಲಿಯೋ ಹನಿ ಹಾಕುವ ಗುಲನಾಜಳ ಮೊಬೈಲಿಗೂ ಹೋಗುವಂತೆ ಮಾಡಿಟ್ಟು, ತನ್ನ ಜಾಣತನಕ್ಕೆ ತಾನೇ ತಲೆದೂಗುತ್ತ ಅವನು ಕಾಲೇಜಿಗೆ ಹೋದ.

ಮರುದಿನ ಭಾನುವಾರ, ವಾರ್ಷಿಕೋತ್ಸವದ ದಿನ. ಬೆಳಿಗ್ಗೆ ಏಳಕ್ಕೆ ಬಾಗಿಲು ಬಡಿದ ಸದ್ದಿಗೆ ಗೋಡೆಯ ಕ್ಯಾಲೆಂಡರು ಕೆಳಗೆ ಬಿತ್ತು. ಹೊರಗೆ ಮನೆಯ ಮಾಲಕಿ ಸೀತವ್ವ ನಿಂತಿದ್ದಳು. ಕೆಳಗಿನ ಮನೆಯಲ್ಲಿ ಆರು ಹೆಂಗಸರನ್ನಿಟ್ಟು ಜೋಳದ ರೊಟ್ಟಿ ಮಾಡಿಸಿ ಊರಿಗೆಲ್ಲ ಸ್ಕೂಟಿಯ ಮೇಲೆ ಮುಟ್ಟಿಸುವ ಗಟ್ಟಿ ಹೆಂಗಸು. ತಲೆಗೂದಲಿಗೆ ಹದಿನೈದು ದಿನಕ್ಕೊಮ್ಮೆ ತಪ್ಪದೆ ಕಪ್ಪು ಹಚ್ಚುತ್ತಿದ್ದಳು.

"ಏನ್ರಿ ಮಾಸ್ತರ, ನನಗ ನೂರಾ ಇಪ್ಪತ್ತೈದ ವರ್ಷ ಆಗ್ಯಾವಂತ?"

"ಯಾರ ಅಂದ್ರಿ ಅಕ್ಕಾರ?"

"ಕಾಲನಿ ಬಾಯಾಗ ಬ್ಯಾನರ ಕಟ್ಯಾರ. ಶತಾಯುಷಿ ಸೀತವ್ವ, ನೂರಾ ಇಪ್ಪತ್ತೈದ ಅಂತ. ಕಂಪ್ಯೂಟರ ಹೇಳೇತಂತ. ಆ ಕಂಪ್ಯೂಟರ ನಿಮ್ಮದ ಅಲ್ಲೇನು?"

"ಫಾರ್ಮಿನಾಗ ಹುಟ್ಟಿದ ವರ್ಷ ಬರದಿದ್ರೇನ್ರಿ?"

"ಹೆಣ್ಮಕ್ಕಳ ವಯಸ್ಸ ಕೇಳತಾರೇನ್ರಿ? ಬಿಟ್ಟೇನಿ." ಸೀತವ್ವ ಬೆರಳೆತ್ತಿದಳು. "ಐವತ್ತೇಳ ನನಗ. ಸಂಜಿ ಐದರೊಳಗ ಇದನ್ನ ಸರಿ ಮಾಡ್ರಿ. ಇಲ್ಲಂದ್ರ ಗಂಟ ಕಟ್ರಿ."

ಮೂರು ವರ್ಷದಲ್ಲಿ ಇದು ಐದನೇ ಬಾಡಿಗೆ ಮನೆ. ದಿನಾ ನೀರು ಬರುವ ಮೊದಲನೇ ಮನೆಯೂ ಇದೇ. ಹೆಂಡತಿ ವಿಜಯಲಕ್ಷ್ಮಿ ಚಹಾದ ಕಪ್ಪು ಅವನ ಮುಂದಿಟ್ಟು ನಿಧಾನವಾಗಿ ಹೇಳಿದಳು: "ಇನ್ನೊಮ್ಮಿ ಸಾಮಾನ ಕಟ್ಟೂದಾದ್ರ ನಾ ನೆಟ್ಟಗ ಅಗರಖೇಡಕ್ಕ ಹೋಗತೇನಿ. ತವರಮನ್ಯಾಗ ಬಾವಿ ಐತಿ."

ಕಲ್ಮೇಶ ಚಹಾ ಬಿಟ್ಟು ಎದ್ದ. ಏನೇ ಆಗಲಿ, ಸಂಜೆಯೊಳಗೆ ಸರಿಮಾಡಿಯೇ ಸೈ ಎಂದು ಅಂಗಿಯ ತೋಳು ಮಡಚಿದ.

ಅಧ್ಯಕ್ಷ ಶಂಕರೆಪ್ಪ ಕಾಲನಿಯ ಆಚೆ ತುದಿಯಲ್ಲಿದ್ದ. ಸೀತವ್ವ ಅಂದರೆ ಯಾವುದೋ ಒಳಮನೆಯಲ್ಲಿ ಮಲಗಿರುವ ಮುದುಕಿ ಎಂದೇ ಅವನು ತಿಳಿದಿದ್ದ. ವಿಷಯ ಕೇಳಿ ಅವನು ಮೆತ್ತಗಾಗಲಿಲ್ಲ.

"ಸಿಂದಗಿಯಿಂದ ಅತಿಥಿಗಳು ಹೊಂಟಾರ. ಪೇಪರಿನವರು ಬರಾಕತ್ತಾರ. ಈಗ ತಪ್ಪಾಗೇತಿ ಅಂದ್ರ ಹೆಂಗ್ರಿ? ಕಂಪ್ಯೂಟರ ಸುಳ್ಳ ಹೇಳತದೇನು?"

"ಅದು ಸುಳ್ಳ ಹೇಳಿಲ್ರಿ. ಗೊತ್ತಿಲ್ಲದ್ದಕ್ಕ ಏನರೆ ಒಂದ ಹೇಳು ಅಂತ ನಾನ ಕಲಿಸಿದ್ದೆ."

"ಹಂಗಾರ ನಾಕರೊಳಗ ಖರೇ ಹಿರ್ಯಾರನ್ನ ತಂದ ನಿಂದರಸ್ರಿ. ಶಾಲ ಅವರಿಗೇ ಹೊಚ್ಚೂಣು."

ಕಲ್ಮೇಶ ಮನೆಗೆ ಓಡಿಬಂದು ಪಟ್ಟಿ ತೆಗೆದ. ವರ್ಷ ಬರೆಯದೆ ಬಿಟ್ಟವರು ಇಪ್ಪತ್ಮೂರು ಮಂದಿ. ಎಲ್ಲರಿಗೂ ನೂರಾ ಇಪ್ಪತ್ತೈದು. ಅವರೊಳಗೆ ಮೊದಲು ಕಂಡದ್ದು ಸೀತವ್ವನ ಹೆಸರು, ಅಷ್ಟೇ. ಖಾಲಿ ಬಿಟ್ಟವರು ಹಿರಿಯರ ಸಾಲಿಗೆ ಬರಬಾರದು, ತಾನೇ? ಅವನು ೧೯೦೦ ಅಳಿಸಿ ಈ ವರ್ಷವನ್ನೇ ಬರೆದು ಮತ್ತೆ ಓಡಿಸಿದ. ಸೀತವ್ವ ಮೇಲಿನಿಂದ ಮಾಯವಾದಳು. ಕಲ್ಮೇಶ ಬೆಳಗಿನಿಂದ ಮೊದಲ ಸಲ ನೆಟ್ಟಗೆ ಉಸಿರಾಡಿದ.

ಅರ್ಧ ತಾಸಿನಲ್ಲಿ ಮೆಟ್ಟಿಲು ಅದುರಿದವು. ಹಳೆಯ ಪೈಲವಾನ ಶಮಶುದ್ದೀನ ಏರಿ ಬಂದ. ಅರವತ್ತೆಂಟರ ಆಳು, ಬಾಗಿಲ ಚೌಕಟ್ಟಿನ ತುಂಬ ಮೀಸೆ. ಅವನ ಹಿಂದೆ ಹನಿಯ ಪೆಟ್ಟಿಗೆ ಹಿಡಿದ ಗುಲನಾಜ.

"ಮಾಸ್ತರ, ಈಕಿ ಮನಿಗೆ ಬಂದ ಕೂಸ ಎಲ್ಲಿ ಅಂತ ಕೇಳತಾಳ. ನಾನ ಅಂತ ಆ ಕೂಸ."

ಗುಲನಾಜ ಮೊಬೈಲು ಚಾಚಿದಳು. "ನಂದೇನ ತಪ್ಪಿಲ್ರಿ. ಲಿಸ್ಟ ನೀವ ಕಳಸೀರಿ. ಶಮಶುದ್ದೀನ, ವಯಸ್ಸು ಸೊನ್ನೆ. ಇಂಥಾ ಸೊನ್ನಿ ಇಪ್ಪತ್ಮೂರ ಅದಾವ. ಹನಿ ಹಾಕಿಲ್ಲಂದ್ರ ಯಾಕ ಬಿಟ್ಟಿ ಅಂತ ಮ್ಯಾಲಿನವರು ಕೇಳತಾರ. ಸೀತವ್ವನ ಮನಿಗೂ ಹೋಗಬೇಕ್ರಿ."

"ಅಲ್ಲಿ ಮಾತ್ರ ಹೋಗಬ್ಯಾಡವಾ," ಎಂದು ಕಲ್ಮೇಶ ಕೈ ಮುಗಿದ. ಶಮಶುದ್ದೀನ ಅವನ ಹೆಗಲ ಮೇಲೆ ಕೈಯಿಟ್ಟ. ಹೆಗಲು ಜೋಳದ ದಂಟಿನಂತೆ ಬಾಗಿತು. "ಇನ್ನೊಮ್ಮಿ ನನ್ನ ಕೂಸ ಮಾಡಬ್ಯಾಡ್ರಿ. ಮೊಮ್ಮಕ್ಕಳು ತೊಟ್ಟಿಲ ತೂಗಲ್ಯಾ ಅಂತ ಕೇಳಾಕತ್ತಾರ."

ಅವರು ಇಳಿದು ಹೋದ ಮೇಲೆ ಕಲ್ಮೇಶ ಆ ಸಾಲನ್ನು ಬಹಳ ಹೊತ್ತು ನೋಡಿದ. ತರಗತಿಯಲ್ಲಿ ಮಕ್ಕಳಿಗೆ ಅವನೇ ಹೇಳಿಕೊಡುತ್ತಿದ್ದ: ಪ್ರೋಗ್ರಾಮು ಎಲ್ಲೂ ನಿಲ್ಲಬಾರದು. ಈಗ ಅನ್ನಿಸಿತು, ಗೊತ್ತಿಲ್ಲದಿದ್ದಾಗ ನಿಲ್ಲುವುದೇ ಸಭ್ಯತನ. ಬದಲಿ ವರ್ಷವನ್ನೇ ಕಿತ್ತುಹಾಕಿದ. ಖಾಲಿ ಇದ್ದರೆ ನಿಂತು ಕೇಳು ಎಂದು ಬರೆದ. ಇನ್ನು ಕೇಳಿಕೊಂಡು ಬರುವವನು ಯಾರು? ಇಪ್ಪತ್ಮೂರು ಹೆಸರು ಚೀಟಿಯಲ್ಲಿ ಬರೆದುಕೊಂಡು, ಬಿಸಿಲಲ್ಲಿ ತಾನೇ ಹೊರಟ.

ಹುಟ್ಟಿದ ವರ್ಷ ಕೇಳುವುದೆಂದರೆ ಹಲ್ಲು ಕೀಳುವಷ್ಟು ಕಷ್ಟ ಎಂದು ಅವನಿಗೆ ಅಂದು ಗೊತ್ತಾಯಿತು. ಒಬ್ಬರು ಶಾಲೆಯಲ್ಲಿ ಬರೆಸಿದ್ದು ಬೇಕೋ ಖರೇದ್ದು ಬೇಕೋ ಎಂದರು. ಒಬ್ಬಳು ದೊಡ್ಡ ಮಳೆಗಾಲದ ಮರುವರ್ಷ ಎಂದಳು. ಆದರೂ ಬಿಡಲಿಲ್ಲ. ಮೂರು ಗಂಟೆಗೆ ಕೊನೆಯ ಮನೆ ಮುಟ್ಟಿದ. ಅಲ್ಲಿ ನಿವೃತ್ತ ಶಿಕ್ಷಕಿ ಇಂದೂಬಾಯಿ ಕುಳಿತು ಬತ್ತಿ ಹೊಸೆಯುತ್ತಿದ್ದರು. ಕೈಮುಗಿದು ಕೇಳಿದ. ಅವರು ಆಚೀಚೆ ನೋಡಿ ದನಿ ತಗ್ಗಿಸಿದರು.

"ತೊಂಬತ್ತೊಂದ ಅದ. ಭಜನಿ ಗೆಳತೇರಿಗೆ ಮಾತ್ರ ಎಂಬತ್ತನಾಲ್ಕ ಅಂತ ಹೇಳೀನಿ. ಯಾರ ಮುಂದೂ ಅನಬ್ಯಾಡಪಾ."

"ಅಜ್ಜೀ, ಕಾಲನ್ಯಾಗ ನೀವ ಹಿರ್ಯಾರು. ಇವತ್ತ ನೀವು ಖರೇ ಹೇಳಿದ್ರ ನನ್ನ ಮನಿ ಉಳೀತದ್ರಿ."

ಅರ್ಧ ತಾಸು ಬೇಡಿಕೊಂಡ. ವಿಜಯಲಕ್ಷ್ಮಿ, ಬಾವಿ, ಅಗರಖೇಡ, ಎಲ್ಲ ಹೇಳಿದ. ಕೊನೆಗೆ ಇಂದೂಬಾಯಿ ಬತ್ತಿಯ ಬುಟ್ಟಿ ಸರಿಸಿದರು. "ಆತು. ರೇಶ್ಮಿ ಸೀರಿ ಉಟ್ಟು ಬರತೀನಿ. ನೀ ಮುಂದ ಹೋಗಿ ತಿಳಸು. ಹೆಂಗೂ ಒಂದಿನ ಗೊತ್ತಾಗೂದ ಅದ."

ಕಲ್ಮೇಶ ಸರಿಪಡಿಸಿದ ಪಟ್ಟಿ ಹಿಡಿದು ಸಭಾಭವನಕ್ಕೆ ಓಡಿದ. ಒಳಗೆ ಕಾಲಿಟ್ಟವನು ಬಾಗಿಲಲ್ಲೇ ನಿಂತ. ಅತಿಥಿಗಳು ಮೊದಲೇ ಬಂದುಬಿಟ್ಟಿದ್ದರು. ಜಗಳ ತೆಗೆಯಲು ಬಂದಿದ್ದ ಸೀತವ್ವನನ್ನು ಯಾರೋ ಕೈಹಿಡಿದು ವೇದಿಕೆ ಹತ್ತಿಸಿದ್ದರು. ದಪ್ಪ ಕನ್ನಡಕದ ಅತಿಥಿಗಳು ಬಗ್ಗಿ ಅವಳ ಕಾಲು ಮುಟ್ಟಿದ್ದೇ ತಡ, ಹೆಂಗಸರ ಸಾಲು ಬಾಗಿಲತನಕ ಬೆಳೆದಿತ್ತು. ಶಾಲು ಅವಳ ಹೆಗಲ ಮೇಲಿತ್ತು. ಪೇಪರಿನವನು ಬರೆದುಕೊಳ್ಳುತ್ತಿದ್ದ. ಸೀತವ್ವ ಜೋಳದ ರೊಟ್ಟಿಯ ಮಹಿಮೆ ಹೇಳುತ್ತಿದ್ದಳು.

ಕಲ್ಮೇಶ ಜನರ ನಡುವೆ ನುಸುಳಿ ಅವಳ ಕಿವಿಯ ಹತ್ತಿರ ಬಗ್ಗಿದ. "ಅಕ್ಕಾರ, ಸರಿ ಮಾಡೇನಿ. ನಿಮಗ ಐವತ್ತೇಳ. ಈಗ ಮೈಕಿನಾಗ ಹೇಳಿಬಿಡ್ತೇನಿ."

"ಸುಮ್ಮ ನಿಂದರ್ರಿ," ಸೀತವ್ವ ಹಲ್ಲು ಕಾಣಿಸಿ ನಗುತ್ತಲೇ ಅಂದಳು. "ಐವತ್ತೇಳಂದ್ರ ಯಾರೂ ತಿರುಗಿ ನೋಡೂದಿಲ್ಲ. ನೂರಾ ಇಪ್ಪತ್ತೈದಕ್ಕ ಎಷ್ಟ ಸಣ್ಣಾಕಿ ಕಾಣತಿ ಅಂತ ಇಲ್ಲಿ ಬಂದಾಗಿಂದ ಅರವತ್ತ ಮಂದಿ ಅಂದಾರ."

ಕಲ್ಮೇಶನ ಎದೆಯ ಭಾರ ಇಳಿಯಿತು. ಮನೆ ಉಳಿಯಿತು, ಸಾಕು. ಬಾಗಿಲಲ್ಲಿ ರೇಶ್ಮೆ ಸೀರೆ ಉಟ್ಟ ಇಂದೂಬಾಯಿ ಆಟೋದಿಂದ ಇಳಿದು ವೇದಿಕೆ ನೋಡಿ, ಅವನನ್ನು ನೋಡಿ, ಮತ್ತೆ ಆಟೋ ಹತ್ತಿದ್ದು ಅವನಿಗೆ ಕಂಡಿತು. ಅವರಿಗೆ ನಾಳೆ ಮುಖ ತೋರಿಸಿದರಾಯಿತು ಎಂದುಕೊಂಡ. ಸಾಲಿನಲ್ಲಿ ನಿಂತಿದ್ದ ವಿಜಯಲಕ್ಷ್ಮಿಯ ಸರದಿ ಬಂತು. ಅವಳೂ ಸೀತವ್ವನ ಕಾಲು ಮುಟ್ಟಿದಳು.

"ಛಲೋ ಆತು, ಇಬ್ಬರೂ ಇಲ್ಲೇ ಅದೀರಿ," ಸೀತವ್ವ ಅಂದಳು. "ಮಾಸ್ತರ, ಒಂದ ಮಾತೈತಿ. ಕೊಲ್ಹಾರದವರು, ಆಲಮೇಲದವರು ನಾಳಿಯಿಂದ ಆಶೀರ್ವಾದಕ್ಕ ಬರ್ತೇವಿ ಅಂದಾರ. ಕೆಳಗ ರೊಟ್ಟಿ ಕೆಲಸ ನಡೀತದ. ಬಂದವರನ್ನ ಎಲ್ಲಿ ಕುಂದರಸಲಿ? ತಿಂಗಳ ಕಡಿತನಕ ಟೈಮ ಕೊಡ್ತೇನಿ. ಮ್ಯಾಲಿನ ಮನಿ ಬಿಟ್ಟ ಕೊಡ್ರಿ."

ವಿಜಯಲಕ್ಷ್ಮಿ ಬಗ್ಗಿದವಳು ಬಗ್ಗಿದಂತೆಯೇ ತಲೆಯೆತ್ತಿ ಗಂಡನ ಕಡೆ ನೋಡಿದಳು.

"ಅಲ್ರಿ ಅಕ್ಕಾರ, ನಿಮ್ಮ ಖರೇ ವಯಸ್ಸ..."

"ಹಿರ್ಯಾರಿಗೆ ಎದರ ಮಾತಾಡಬಾರದಪಾ," ಎಂದು ಸೀತವ್ವ ಅವನ ತಲೆಯ ಮೇಲೆ ಕೈಯಿಟ್ಟು ಹರಸಿದಳು.