ನೆಗೆಣ್ಣಿಯ ಸೊಸೆ ಸಾಕಿದ ಕಪ್ಪೆಗಳು

ನೆಗೆಣ್ಣಿ ಒಬ್ಬಳಿದ್ದರೆ ಸಾಕು, ಹೊಟ್ಟೆ ಉರಿಯಲು ಬೇರೆ ಒಲೆ ಬೇಕಿಲ್ಲ. ಧಾರವಾಡ ಬಿಟ್ಟು ಅಹಮದಾಬಾದಿಗೆ ಬಂದರೂ ಅದು ತಪ್ಪಲಿಲ್ಲ. ನಾವು ಮಣಿನಗರದ ಹಳೇ ಮನೆಯಲ್ಲಿ, ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಬೋಡಕ್‌ದೇವ್‌ನ ದೊಡ್ಡ ಫ್ಲ್ಯಾಟಿನಲ್ಲಿ. ಈ ಸಲ ನಮ್ಮ ಕನ್ನಡದವರ ಕೂಟದಲ್ಲಿ ಶಾಲು ಹೊದಿಸಿದರೆ ಬ್ಯಾಂಕ್ ಮ್ಯಾನೇಜರಾದ ನನ್ನ ಸೊಸೆಗೇ ಎಂದುಕೊಂಡಿದ್ದೆ. ಅಷ್ಟರಲ್ಲಿ ನೆಗೆಣ್ಣಿಯ ಸೊಸೆ ಕಪ್ಪೆ ಹಿಡಿದುಕೊಂಡು ಅಡ್ಡ ಬಂದಳು.

೧

ಅವಳದು ಸಂಶೋಧನೆಯ ನೌಕರಿ. ಕಪ್ಪೆಯ ಭ್ರೂಣದಲ್ಲಿ ಹಾರ್ಮೋನ್ ತಯಾರಿಸುವ ಕೋಶ ಹುಟ್ಟಲು ಯಾವ ಜೀನ್ ಹುಕುಂ ಕೊಡುತ್ತದೆ ಎಂದು ನೋಡುವುದಂತೆ. ಅದರಲ್ಲಿ ನನಗೆ ತಿಳಿದದ್ದು ಕಪ್ಪೆ ಒಂದೇ. ಅಷ್ಟನ್ನೇ ಪಕ್ಕದ ಮನೆಯ ಜೈನರಾಕೆಯ ಕಿವಿಗೆ ಹಾಕಿದೆ: "ದಿನಾ ಕಪ್ಪಿ ಮುಟ್ಟತಾಳ, ಅದೇ ಕೈಲೆ ಅಡಿಗಿ."

ಹಬ್ಬಕ್ಕೆ ಹೋಳಿಗೆ ಒಯ್ದರೆ ಆಕೆ ಬಾಗಿಲಲ್ಲೇ ಕೈ ಮುಗಿದಳು. "ಬೇಡ ಮಾಸಿ. ನೀವೂ ಅದೇ ಮನೆತನದವರಲ್ಲವೇ?"

೨

ನಮ್ಮ ಸತ್ಯನಾರಾಯಣ ಪೂಜೆಗೆ ಆ ಸೊಸೆ ಬರಲಿಲ್ಲ. ನೆಗೆಣ್ಣಿ ಹೆಮ್ಮೆಯಿಂದ ಹೇಳಿದಳು, "ನಿನ್ನೆ ಸಂಜಿಗೆ ಕಪ್ಪಿಗೆ ಸೂಜಿ ಹಾಕ್ಯಾರ್ರೀ ಅಕ್ಕಾ. ಇವತ್ತ ಮುಂಜಾನಿ ತತ್ತಿ ಇಡ್ತಾವ. ಬಿಟ್ಟು ಬರೂಹಂಗಿಲ್ಲ."

"ಆ ಸೂಜಿ ಮನಿಗೂ ಒಂದು ತರೂದಿತ್ತು," ಎಂದೆ. ಅವಳ ಮಗ-ಸೊಸೆಯ ಮದುವೆಯಾಗಿ ಬಹಳ ದಿನವಾಗಿದ್ದರೂ ಮಕ್ಕಳಿರಲಿಲ್ಲ.

"ಬೇಕಾಗಿಲ್ರೀ. ಸೀಮಂತಕ್ಕ ನೀವ ಮುಂದ ನಿಂತು ಹಸಿರು ಸೀರಿ ಆರಿಸಬೇಕು."

ನನ್ನ ಪಾಲಿನ ಪ್ರಸಾದದ ಸಜ್ಜಿಗೆಯನ್ನೂ ಅವಳ ತಟ್ಟೆಗೇ ಹಾಕಿ ಎದ್ದೆ.

೩

ಕೂಟದ ದಿನ ಆ ಸೊಸೆಯದೇ ಭಾಷಣ. "ಕಪ್ಪೆಯ ತತ್ತಿ ಒಡೆದು ಎರಡು ಕೋಶ ಆದಾಗ, ಒಂದರಾಗ ಮಾತ್ರ ಆ ಜೀನ್ ಬಂದ್ ಮಾಡ್ತೀವಿ. ಇನ್ನೊಂದು ಹಾಗೇ ಇರ್ತದ. ಬೆಳೆದ ಮ್ಯಾಲೆ ಒಂದೇ ಮರಿಯ ಎಡಬಲ ಹೋಲಿಸಿ ನೋಡ್ತೀವಿ. ಒಂದು ಕಡೆ ಸಿಟ್ಟು, ಹೆದರಿಕೆ ಏರಿಸೋ ಹಾರ್ಮೋನಿನ ಕೋಶ ಹುಟ್ಟೂದಿಲ್ಲ."

ಯಾರಿಗೂ ತಿಳಿಯಲಿಲ್ಲ. ನನಗೆ ಒಳಗೊಳಗೇ ಖುಷಿ. ಆಗ ಅವಳು ನಕ್ಕು, "ನಮ್ಮ ಅತ್ತಿ, ದೊಡ್ಡತ್ತಿ ಇದ್ದಹಂಗ್ರಿ. ಒಂದೇ ಮನಿ. ಒಬ್ಬರಾಗ ಸಿಟ್ಟು ಬಂದ್, ಒಬ್ಬರಾಗ ಚಾಲೂ," ಎಂದಳು.

ನಾನು ಎದ್ದು ನಿಂತೆ. "ಚಾಲೂ ಯಾರದವಾ?"

ಅವಳು ಬಾಯಿ ತೆರೆಯುವ ಮೊದಲೇ ನನ್ನ ಗಂಡ, ಮೈದುನ ಇಬ್ಬರೂ ಕೈ ಎತ್ತಿ ಒಮ್ಮೆಲೇ ಹೇಳಿದರು: "ನಮ್ಮಾಕೀದು."

ನಗು ನಿಲ್ಲುವಷ್ಟರಲ್ಲಿ ಶಾಲು ಅವಳ ಹೆಗಲೇರಿತ್ತು. ನಾನೂ ನೆಗೆಣ್ಣಿಯೂ ಗಂಡಂದಿರನ್ನು ಬಸ್ಸಿಗೆ ಬಿಟ್ಟು ಒಂದೇ ರಿಕ್ಷಾ ಹತ್ತಿದೆವು. ಸೊಸೆಯ ಶಾಲು ನೆಗೆಣ್ಣಿಯ ತೊಡೆಯ ಮೇಲಿತ್ತು. ಮೆಲ್ಲಗೆ ಅದರ ಅಂಚು ಹಿಡಿದು ತಿಕ್ಕಿ ನೋಡಿದೆ. ರೇಷ್ಮೆಯಲ್ಲ, ಸೂರತ್ತಿನ ಪಾಲಿಯೆಸ್ಟರ್.

ಅವತ್ತು ಮನೆಗೆ ಬಂದು ಎರಡು ಸಲ ಅನ್ನ ಹಾಕಿಸಿಕೊಂಡೆ.