ಬೂತಿನ ಗುಟ್ಟು ಹೇಳೋದಿಲ್ಲ ಹೋಗ್ರಿ

ಗುಟ್ಟು ಮಾತಾಡಲು ಬಂದವರು ಊರಿಗೆಲ್ಲ ಕೇಳುವಂತೆ ಕೂಗುವುದು, ಅದನ್ನು ಕೇಳಿಸಿಕೊಳ್ಳದವರು ಬಂದು ನನ್ನ ಬಾಯಿ ಬಿಡಿಸಲು ನೋಡುವುದು, ಇವೆರಡೂ ಇಲ್ಲದ ದಿನ ನನ್ನ ಬೂತಿನಲ್ಲಿ ಇರಲೇ ಇಲ್ಲ. ತೊಂಬತ್ತರ ದಶಕದ ಕೊನೆಗೆ ಹಡಗಲಿ ಬಸ್ ಸ್ಟ್ಯಾಂಡ್ ಎದುರು ಎಸ್‌ಟಿಡಿ ಬೂತ್ ಇಟ್ಟಿದ್ದೆ. ಯಾರು ಯಾರಿಗೆ ಫೋನ್ ಮಾಡಿದರೆಂದು ಯಾರಪ್ಪ ಕೇಳಿದರೂ ಹೇಳುತ್ತಿರಲಿಲ್ಲ. "ಬಾಳ ಸೊಕ್ಕು ಆಕಿಗೆ" ಎನ್ನುತ್ತಿದ್ದರು. ಹೌದು, ಸೊಕ್ಕೇ. ಈಗಲೂ ಇದೆ.

ಗಾಜಿನ ಬಾಗಿಲು

ಮಲ್ಲಿಗೆ ವ್ಯಾಪಾರಿಯೊಬ್ಬ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಸಂದಿಗೆ ಟವೆಲ್ ಬೇರೆ ತುರುಕಿದ. ಆಮೇಲೆ ಶುರುವಾಯಿತು: "ಹಲೋ! ಯಾರ ಮುಂದೂ ಬಾಯಿ ಬಿಡಬ್ಯಾಡ! ನಾಳಿ ಹೂವು ದಾವಣಗೆರಿಗಲ್ಲ, ಹುಬ್ಬಳ್ಳಿಗೆ ಒಯ್ತೀನಿ! ಉಳಿದೋರಿಗೆ ಗೊತ್ತಾದ್ರ ಕೆಟ್ಟೆ!"

ರಸ್ತೆಯಾಚೆಯ ಹೋಟೆಲಿನವರು ಚಹಾ ಬಿಟ್ಟು ಕೇಳಿದರು. ಅವನು ಹೊರಬಂದು ಮೆಲ್ಲಗೆ, "ಅಕ್ಕಾರ, ಏನಾರ ಕೇಳಿಸ್ತೇನ್ರಿ?" ಎಂದ.

"ಏನೂ ಇಲ್ಲಪ್ಪ" ಎಂದೆ.

ಬೆಂಚಿನ ಮೇಲಿದ್ದ ಇನ್ನೊಬ್ಬ ಹೂವಿನವನು ಎದ್ದು ನಿಂತ. "ಅಣ್ಣಾ, ಹುಬ್ಬಳ್ಳಿಗೆ ನಮ್ಮವೂ ಎರಡು ಬುಟ್ಟಿ ಹಾಕ್ಕೊಂಡು ಹೋಗು."

ಪಿ.ಪಿ. ನಂಬರು

ಮನೆಯಲ್ಲಿ ಫೋನ್ ಇಲ್ಲದವರು ನನ್ನ ನಂಬರು ಕೊಟ್ಟು ಪಕ್ಕದಲ್ಲಿ 'ಪಿ.ಪಿ.' ಎಂದು ಬರೆಯುತ್ತಿದ್ದರು; ಫೋನ್ ಬಂದರೆ ನಾನು ಅವರನ್ನು ಕರೆದು ಕೊಡಬೇಕು. ಒಮ್ಮೆ ಹರಪನಹಳ್ಳಿಯಿಂದ ಹೆಣ್ಣಿನ ಕಡೆಯವರು ಫೋನ್ ಮಾಡಿ ಪಕ್ಕದ ಮನೆ ಹುಡುಗನ ಬಗ್ಗೆ ವಿಚಾರಿಸಿದರು. "ಹೆಂಗದಾನ್ರಿ? ಕುಡೀತಾನೇನ್ರಿ?"

"ಫೋನ್ ನಂದು, ಹುಡುಗ ನಂದಲ್ರಿ" ಎಂದು ಇಟ್ಟುಬಿಟ್ಟೆ.

ಮರುದಿನ ಹುಡುಗನ ತಾಯಿ ಸೆರಗು ಸಿಕ್ಕಿಸಿಕೊಂಡು ಬಂದಳು. "ನೀ ಹೇಳಲಿಲ್ಲ ಅಂತ ಅವರು ಸಂಬಂಧಾನ ಬಿಟ್ರು!"

"ಇನ್ನೊಬ್ಬರ ಮನಿ ಖರೇ ಸಂಗತಿ ನಾ ಹೇಳಾಂಗಿಲ್ಲ ಯಕ್ಕಾ."

"ಖರೇ ಹೇಳು ಅಂತ ಯಾರಂದ್ರು? ಒಳ್ಳೆ ಹುಡುಗ ಅಂತ ಸುಳ್ಳರ ಹೇಳಬೇಕಿಲ್ಲೇನು!"

ರೀಡಯಲ್ ಗುಂಡಿ

ಹಳ್ಳಿಯ ಹುಡುಗಿಯೊಬ್ಬಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಅವಳ ದೊಡ್ಡಪ್ಪನಿಗೆ ಓದಿಸುವ ಮನಸ್ಸಿಲ್ಲ. ಕಾಲೇಜಿನ ನಂಬರು ಸಿಕ್ಕರೆ ಸಾಕು, ಸೀಟು ಬೇಡ ಎಂದು ಹೇಳುವವನೇ. ಅವಳು ನನ್ನಲ್ಲಿಂದ ಕಾಲೇಜಿಗೆ ಫೋನ್ ಮಾಡಿ, ಯಾವಾಗ ಬರಬೇಕೆಂದು ಕೇಳಿಕೊಂಡು ಹೋದಳು. ಹಿಂದೆಯೇ ದೊಡ್ಡಪ್ಪ ರಸ್ತೆ ದಾಟುತ್ತಿದ್ದ.

ರೀಡಯಲ್ ಒತ್ತಿದರೆ ಕೊನೆಗೆ ಮಾಡಿದ ನಂಬರಿಗೇ, ಅಂದರೆ ಆ ಕಾಲೇಜಿಗೇ ಹೋಗುತ್ತದೆ. ದೊಡ್ಡಪ್ಪ ಮನೆಗೆ ಹೊಸದಾಗಿ ಫೋನ್ ಹಾಕಿಸಿ, ಜಂಬಕ್ಕೆ ನಂಬರನ್ನು ಟ್ರ್ಯಾಕ್ಟರ್ ಮೇಲೂ ಬರೆಸಿದ್ದ. ಆ ನಂಬರನ್ನೇ ಒತ್ತಿ, ಒಂದು ರಿಂಗಿಗೆ ಕಟ್ ಮಾಡಿದೆ.

"ಹುಡುಗಿ ಎಲ್ಲಿಗೆ ಮಾಡಿದ್ಲು?"

"ಹೇಳೋದಿಲ್ಲ ಹೋಗ್ರಿ."

ನನ್ನನ್ನು ಸರಿಸಿ ಒಳನುಗ್ಗಿ ರೀಡಯಲ್ ಗುಂಡಿ ಒತ್ತಿದ. ಅತ್ತ ಅವನ ಹೆಂಡತಿಯೇ ಎತ್ತಿದಳು. ಹೊರಗಿದ್ದಾಗ ಮನೆಗೆ ಫೋನ್ ಮಾಡಿದವನೇ ಅಲ್ಲ ಅವನು. ಫೋನಿನಲ್ಲಿ ಇವನ ದನಿ ಅವಳಿಗೆ ಗೊತ್ತಿಲ್ಲ, ಅವಳ ದನಿ ಇವನಿಗೆ ಗೊತ್ತಿಲ್ಲ.

"ಯಾರವ್ವ ನೀನು? ನಮ್ಮ ಹುಡುಗಿ ತಲಿ ಕೆಡಿಸಾಕಿ?" ಎಂದು ಗದರಿದ.

"ನೀ ಯಾರಲೇ ಅದನ್ನ ಕೇಳಾಕ?" ಅವಳ ದನಿ ನನಗೂ ಕೇಳಿಸಿತು.

"ನಿನ್ನ ಗಂಡಗ ಫೋನ್ ಕೊಡು!"

"ಅಂವ ಎಲ್ಲಿ ಇರತಾನ? ಕಂಡೋರ ಸುದ್ದಿ ಕೆದಕಾಕ ಪ್ಯಾಟಿಗೆ ಹೋಗ್ಯಾನ!" ಫಟ್ಟನೆ ಇಟ್ಟಳು.

ಕಾಲೇಜಿನ ನಂಬರು ಅವನಿಗೆ ಕೊನೆಗೂ ಸಿಗಲಿಲ್ಲ, ಹುಡುಗಿ ನರ್ಸಿಂಗ್ ಸೇರಿದಳು. ಅವತ್ತು ದೊಡ್ಡಪ್ಪ ಮಾತ್ರ ರಿಸೀವರ್ ಇಟ್ಟು, ಹಣೆ ಒರೆಸಿಕೊಂಡು ನನಗೆ ಹೇಳಿದ:

"ಎಂಥಾ ಬಾಯಿ ಐತಿ ಆ ಹೆಣ್ಣಮಗಳಿಗೆ! ಪಾಪ, ಆಕಿ ಗಂಡ ಹೆಂಗ ಬಾಳೇವು ಮಾಡತಾನೋ!"